ಲುಂಗಿಯ ಹಿಂದೆ ಎರಡು ಓಣಿ

ಸಿಂಗಾಪುರ, ೧೨-೩-೧೯೫೫

ಗಜೇಂದ್ರಗಡದ ಸೋದರಮಾವನವರ ಪಾದಕ್ಕೆ ಅಳಿಯ ಬನಪ್ಪ ದೂರದಿಂದಲೇ ಅಡ್ಡಬೀಳುತ್ತಾನೆ. ಹತ್ತಿರವಿದ್ದರೆ ನೀವು ಒದೆಯುವುದು ಖಂಡಿತ.

ಸೇಠರು ಕೊಟ್ಟು ಕಳಿಸಿದ ಸೀರೆಗಂಟು ಇಲ್ಲಿನ ಅಂಗಡಿಗೆ ಮುಟ್ಟಿಸಿ ನಿನ್ನೆ ಊರು ನೋಡಲು ಹೊರಟೆ. ಮುಂದೊಬ್ಬ ಮುದುಕ ಹೋಗುತ್ತಿದ್ದ. ಅವನು ಉಟ್ಟ ಲುಂಗಿಯ ನೇಯ್ಗೆ ಎಷ್ಟು ಬಿಗಿಯೆಂದರೆ ನನಗೆ ಊರು ಕಾಣಲೇ ಇಲ್ಲ. ಅವನ ಹಿಂದೆಯೇ ಅರಬರ ಓಣಿ ದಾಟಿದೆ. ಬಾತುಕೋಳಿಗಳನ್ನು ಅರಿವೆ ಒಣಹಾಕಿದಂತೆ ತೂಗುಬಿಟ್ಟ ಚೀನೀಯರ ಓಣಿಯನ್ನೂ ದಾಟಿದೆ. ಹೊಳೆಯ ದಂಡೆಯಲ್ಲಿ ಅವನು ನಿಂತಾಗ, ತಡೆಯಲಾಗದೆ ಬಗ್ಗಿ ಲುಂಗಿಯ ಅಂಚು ಹಿಡಿದು ತಿರುವಿ ನೋಡಿಬಿಟ್ಟೆ. ಆತ ಹೌಹಾರಿ ಕೊಡೆ ಎತ್ತಿದ.

"ಹೊಡೀಬ್ಯಾಡ್ರಿ ಯಜಮಾನ್ರ, ನಾ ಕಳ್ಳ ಅಲ್ರಿ, ನೇಕಾರ!" ಎಂದು ಲಾಳಿ ಎಸೆಯುವಂತೆ ಕೈಯಾಡಿಸಿದೆ. ಮಾತು ತಿಳಿಯದಿದ್ದರೂ ಕೈ ತಿಳಿಯಿತು. ಅವನೂ ಕೊಡೆಯನ್ನು ಕಂಕುಳಲ್ಲಿಟ್ಟು ಲಾಳಿ ಎಸೆದು ತೋರಿಸಿದ. ಆಮೇಲೆ ನನ್ನ ಧೋತರದ ಅಂಚನ್ನು ಬೆರಳಲ್ಲಿ ತಿಕ್ಕಿ, ಬಿಸಿಲಿಗೆ ಹಿಡಿದು, ಜರಡಿಯಲ್ಲಿ ಹಿಟ್ಟು ಸಾಣಿಸುವ ಹಾಗೆ ಅಲ್ಲಾಡಿಸಿ ನಕ್ಕ.

"ಸಡ್ಲ ಆಗೇತಲೇ ಮಂಗ್ಯಾ, ಇದರಾಗ ಹಿಟ್ಟ ಸಾಣಸ್ತಾರೇನ?" ಎಂದು ದಿನಾ ನನ್ನ ನೇಯ್ಗೆ ನೋಡಿ ತಲೆಗೆ ಮೊಟಕುತ್ತಿದ್ದ ಮಾವನವರೇ, ಅದು ನೀವೇ ನೇಯ್ದುಕೊಟ್ಟ ಧೋತರ.

ಮೂರು ಹೊತ್ತೂ ಅನ್ನ ತಿಂದು ಹೊಟ್ಟೆ ರೊಟ್ಟಿ ಕೇಳುತ್ತಿದೆ. ಉಳಿದಂತೆ ಆರಾಮ.

ನಿಮಗೆ ಓದು ಬಾರದು. ಟಪಾಲಿನ ನೀಲಪ್ಪ ನೇಕಾರರೆಲ್ಲ ಸೇರುವ ಕಟ್ಟೆಯ ಮೇಲೆ ಕೂತು ಇದನ್ನು ಗಟ್ಟಿಯಾಗಿ ಓದುತ್ತಾನೆಂದು ಬಲ್ಲೆ. ಇಲ್ಲಿ ಲಕೋಟೆಯೂ ಸಿಗುತ್ತದೆ, ಮಾವ. ಬೇಕೆಂತಲೇ ತೆರೆದ ಕಾರ್ಡು ಕೊಂಡೆ.

ಬನಪ್ಪ