ಅಪ್ಪ ಮೆಚ್ಚಿದ ಹಾಲು

ಪ್ರೀತಿಯ ಅಣ್ಣಾ,

ಅಪ್ಪನಿಗೆ ಹಾಲು ಮೊಸರು ಮುಟ್ಟಿಸಬೇಡಿ ಎಂದು ಡಾಕ್ಟರು ಹೇಳಿದ ಮೇಲೆ, ಬಸ್‌ಸ್ಟಾಪಿನ ಹಿಂದಿನ ರಿಯಾಯಿತಿ ಸೂಪರ್‌ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ತಂದು ನೋಡಿದೆ. ಡೇರಿಯಲ್ಲಿ ಮೂವತ್ತು ವರ್ಷ ಹಾಲಿನ ರುಚಿ ನೋಡಿದ ನಾಲಿಗೆ, ಸುಮ್ಮನೆ ಒಪ್ಪುತ್ತದೆಯೇ? ಓಟ್ಸ್ ಹಾಲಿಗೆ, "ಅಕ್ಕಿ ತೊಳೆದ ನೀರಾ?" ಎಂದರು. ತೆಂಗಿನ ಹಾಲಿನ ಐಸ್‌ಕ್ರೀಮಿಗೆ, "ತಲೆಗೆ ಹಚ್ಚೋದನ್ನ ಬಾಯಿಗೆ ಕೊಡ್ತೀಯಲ್ಲೇ!" ಎಂದು ನಕ್ಕರು. ಬೈಯುತ್ತಿದ್ದಾರಲ್ಲ, ಇನ್ನೂ ಗಟ್ಟಿಯಾಗಿದ್ದಾರೆ ಎಂದುಕೊಂಡೆ.

ನಿನ್ನೆ ಸೋಯಾ ಹಾಲು ಕೊಟ್ಟೆ. ಲೋಟ ಖಾಲಿ ಮಾಡಿ, "ಇದು ಚೆನ್ನಾಗಿದೆ ಕಣಮ್ಮಾ, ಇನ್ಮೇಲೆ ಇದನ್ನೇ ತಾ" ಎಂದರು. ನನಗೆ ಕುಣಿಯುವಷ್ಟು ಖುಷಿ. ಪ್ಯಾಕೆಟ್ಟಿನಲ್ಲಿ ಮಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡರೆ ಬರೀ ಹುಳಿ, ಪೂರ್ತಿ ಕೆಟ್ಟುಹೋಗಿತ್ತು.

ಹೆದರಿ ಡಾಕ್ಟರಿಗೆ ಫೋನ್ ಮಾಡಿ, ಅಪ್ಪನಿಗೆ ಹುಳಿಯೇ ಗೊತ್ತಾಗಲಿಲ್ಲ ಎಂದೆ. ಅವರು, "ಇನ್ನು ಪಥ್ಯ ಬೇಡಮ್ಮಾ, ಕೇಳಿದ್ದನ್ನು ಕೊಡಿ" ಎಂದರು.

ಅಪ್ಪನಿಗೆ ಏನೂ ಹೇಳಿಲ್ಲ. ಇವತ್ತು ಡೇರಿಯ ಗಟ್ಟಿ ಹಾಲನ್ನೇ ಕಾಯಿಸಿ ಕೊಟ್ಟೆ. "ನಿನ್ನೆ ಕೊಟ್ಟಿದ್ದೇ ತಾನೇ?" ಎಂದು ಕೇಳಿದರು. ಹೌದು ಎಂದೆ.

ರಜೆ ಸಿಗಲಿ ಎಂದು ಕಾಯಬೇಡ. ಹೊರಟು ಬಾ.

ನಿನ್ನ ತಂಗಿ