ಬೋಗಿಗೆ ಬಳಿದ ಬಣ್ಣ

ಮಾರ್ಚ್ ೧೧, ಮಂಗಳವಾರ

ಗೆಳೆಯನೇ,

‘ಪ್ರೀತಿಯ’ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ, ಕೈತಪ್ಪಿನಿಂದಲ್ಲ. ನೀನೂ ನಿನ್ನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ಕಾಗದ ತಡವಾಯಿತು, ಮನ್ನಿಸು. ಮೊದಲು ಬರೆದದ್ದನ್ನು ಹರಿದುಹಾಕಬೇಕಾಯಿತು. ನಿನಗೆ ಬರುವ ಟಪಾಲನ್ನೆಲ್ಲ ನಿನ್ನ ಹೆಂಡತಿಯೇ ಮೊದಲು ಒಡೆಯುವುದು, ಆ ಮಾತುಗಳು ಆ ತಾಯಿ ಓದುವಂಥವಾಗಿರಲಿಲ್ಲ. ಸಾಲುಗಳು ಓರೆಯಾಗಿದ್ದರೆ ಸಿಟ್ಟಿನಿಂದ ಎಂದುಕೋ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಗಳು ಹೊಸ ಮನೆಗೆ ಹೋದಳು. ನನ್ನ ಆಟಿಕೆ ರೈಲುಗಳಿಗೆಂದು ಅಳಿಯ ಗಾಜಿನ ಬೀರು ಮಾಡಿಸಿಕೊಟ್ಟಿದ್ದಾನೆ, ಅದರ ಬಾಗಿಲು ಮುಚ್ಚುವುದಿಲ್ಲ. ನನ್ನ ಹೆಂಡತಿಯ ಮಂಡಿನೋವು ಕಡಿಮೆಯಾಗಿದೆ. ಸುದ್ದಿ ಮುಗಿಯಿತು, ಈಗ ಜಗಳ.

ನಿನಗೆ ತಲೆ ಕೆಟ್ಟಿದೆಯೇ? ಆ ಮೂರು ಬೋಗಿಗಳಿಗೆ ಬಣ್ಣ ಬಳಿ ಎಂದು ನಿನಗೆ ಹೇಳಿದವರು ಯಾರು? ತಗಡಿನ ಆಟಿಕೆ ರೈಲಿಗೆ ಅದರ ಹಳೆಯ ಬಣ್ಣವೇ ಜೀವ. ಗೀರಿದ್ದರೂ ಅದೇ ಬೇಕು, ಅರ್ಧ ಉದುರಿದ್ದರೂ ಅದೇ ಬೇಕು. ಈ ಹುಚ್ಚು ಹಿಡಿದ ಮೊದಲ ವಾರದಲ್ಲೇ ಯಾರಾದರೂ ಕಲಿಯುವ ಪಾಠ ಇದು. ನೀನೋ, ತಲೆಗೂದಲೆಲ್ಲ ಈ ರೈಲುಗಳ ಹಿಂದೆಯೇ ಬೆಳ್ಳಗಾದವನು, ಗೇಟಿಗೆ ಬಣ್ಣ ಹೊಡೆಯುವವನ ಹಾಗೆ ಕುಂಚ ಹಿಡಿದು ಕುಳಿತೆ.

ಆ ಹಳೆ ಸಾಮಾನಿನ ಸಂತೆ ನೆನಪಿದೆಯೇ? ಒಂದೇ ರಟ್ಟಿನ ಪೆಟ್ಟಿಗೆಗೆ ಇಬ್ಬರೂ ಕೈ ಹಾಕಿದೆವು. ನನಗೆ ಇಂಜಿನ್ ಸಿಕ್ಕಿತು, ನಿನಗೆ ಬೋಗಿಗಳು. ನಾನೂ ಬಿಟ್ಟುಕೊಡಲಿಲ್ಲ, ನೀನೂ ಬಿಟ್ಟುಕೊಡಲಿಲ್ಲ. ಅಂದಿನಿಂದ ವರ್ಷಕ್ಕೊಮ್ಮೆ ಗಡಿಯಾರ ರಿಪೇರಿಯವನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಮ್ಮ ಕೂಟದವರೆಲ್ಲ ಸೇರಿದಾಗ ಎರಡನ್ನೂ ಜೋಡಿಸಿ, ಕೀಲಿ ಕೊಟ್ಟು, ಮೇಜಿನ ಮೇಲೆ ಒಂದು ಸುತ್ತು ಓಡಿಸಿ, ಮತ್ತೆ ಬಿಡಿಸಿ ಅವರವರ ಚೀಲಕ್ಕೆ ಹಾಕಿಕೊಳ್ಳುತ್ತೇವೆ. ಓಡಿಸುವ ಮೊದಲು ಒಬ್ಬರ ಸಾಮಾನನ್ನು ಇನ್ನೊಬ್ಬರು ಭೂತಗನ್ನಡಿ ಹಿಡಿದು ನೋಡಿ ಬಾಯಿತುಂಬ ಬೈಯುವುದು ನಮ್ಮ ಪದ್ಧತಿ. ಹೋದ ವರ್ಷ ನನ್ನ ಇಂಜಿನ್ನಿನ ಒಂದು ಸ್ಕ್ರೂ ಬೇರೆಯದೆಂದು ನೀನು ಹಟ ಹಿಡಿದಾಗ ನಮ್ಮ ಕೂಟದ ಹಲ್ಲಿನ ಡಾಕ್ಟರು ಎದ್ದೇ ಹೋದರು. “ಹೊಡೆದಾಡಿ ಮುಗಿದ್ಮೇಲೆ ಕರೀರಿ, ಹಲ್ಲು ಉದುರಿದ್ರೆ ಹೇಗೂ ನನ್ನ ಹತ್ರಾನೇ ಬರ್ತೀರಿ” ಎಂದಿದ್ದರು.

ಮೊನ್ನೆ ಇವಳಿಗೆ ಫೋನು ಮಾಡಿ, ನನ್ನ ಸಿಟ್ಟಿನ ಸುದ್ದಿ ಕೇಳಿ, “ತುಕ್ಕು ತಿಂತಿತ್ತು ಅತ್ತಿಗೆ, ಹಾಗೇ ಬಿಟ್ಟಿದ್ರೆ ತಗಡೇ ಕಿತ್ತು ಕೈಗೆ ಬರ್ತಿತ್ತು. ಅವನಿಗೆ ನೀವೇ ಸ್ವಲ್ಪ ಸಮಾಧಾನ ಹೇಳಿ” ಎಂದೆಯಂತೆ. ಯಾಕೆ, ನನಗೆ ಕಿವಿಯೂ ಇಲ್ಲವೆಂದುಕೊಂಡೆಯಾ? ತುಕ್ಕಿಗೆ ಒಂದು ಎಣ್ಣೆಬಟ್ಟೆ ಸಾಕಿತ್ತು. ಇವಳಂತೂ ನಿನ್ನ ಪರ. “ಒಂದು ಆಟದ ಸಾಮಾನಿಗೆ ಇಷ್ಟು ರಂಪ ಮಾಡ್ತೀರಲ್ಲ, ಅವರೇನು ಬೇಕಂತ ಮಾಡಿದ್ರಾ?” ಎನ್ನುತ್ತಾಳೆ. ಅವಳೂ ಈ ಸಲ ನನ್ನ ಜೊತೆ ಕೂಟಕ್ಕೆ ಬಂದಿದ್ದಳು, ಅವಳ ಮೇಲೂ ನನಗೆ ಸಿಟ್ಟಿದೆ.

ಇನ್ನು ಮುಂದೆ ನನ್ನ ಇಂಜಿನ್ ನಿನ್ನ ಬೋಗಿಗಳನ್ನು ಎಳೆಯುವುದಿಲ್ಲ. ಕೂಟಕ್ಕೂ ನಾನು ಬರುವುದಿಲ್ಲ. ಕರೆಯಲೆಂದು ಬಾಗಿಲಿಗೆ ಬರಬೇಡ. ಬಂದರೆ ಇವಳು ಕೂರಿಸಿ ಕಾಫಿ ಕೊಡುತ್ತಾಳೆ, ಅದನ್ನು ನೋಡಿ ನನ್ನ ಹೊಟ್ಟೆ ಇನ್ನಷ್ಟು ಉರಿಯುತ್ತದೆ.

ನಿನ್ನ ಹೆಂಡತಿ ಮಕ್ಕಳು ನೂರು ಕಾಲ ಸುಖವಾಗಿರಲಿ. ನಿನಗೂ ಒಳ್ಳೆಯದಾಗಲಿ, ಸ್ವಲ್ಪ ನಿಧಾನವಾಗಿ ಆಗಲಿ.

ಇತಿ,
ಇಂಜಿನ್ನಿನವನು

ತಾ.ಕ.: ಬಣ್ಣದ ಮಾತು ಬಿಡು. ಅಂದು ಕೂಟದಲ್ಲಿ ನಿನ್ನ ಬೋಗಿಯನ್ನು ಎತ್ತಿಕೊಂಡು, ಭೂತಗನ್ನಡಿ ಹಿಡಿದು, ಹೊರಳಿಸಿ ಹೊರಳಿಸಿ ನೋಡಿ, “ಹಳೇ ಬಣ್ಣ ಅಂದ್ರೆ ಇದು ನೋಡ್ರಯ್ಯ, ಒಂದು ಗೀರೂ ಬದಲಾಗಿಲ್ಲ” ಎಂದವನು ನಾನೇ. ಯಾರೂ ತಕರಾರು ಎತ್ತಲಿಲ್ಲ. ಒಪ್ಪಿದರು ಎಂದುಕೊಂಡೆ. ಮನೆಗೆ ಬರುವ ದಾರಿಯಲ್ಲಿ ಇವಳು ಮೆಲ್ಲಗೆ ಕೇಳಿದಳು: “ಹೊಸ ಬಣ್ಣ ನಿಮಗೆ ಕಾಣಿಸ್ಲೇ ಇಲ್ವಾ?” ಇಲ್ಲ ಕಣೋ, ಕಾಣಿಸಲಿಲ್ಲ. ಕೆಲವು ತಿಂಗಳಿಂದ ನೋಡಿದ್ದರ ನಡುಭಾಗವೆಲ್ಲ ಮಸುಕು. ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಯಾರಿಗೂ ಹೇಳಿರಲಿಲ್ಲ, ಇವಳಿಗೂ. ಅದನ್ನು ಹೇಗೋ ತಡೆದುಕೊಂಡೇನು. ಆದರೆ ಇಷ್ಟು ವರ್ಷ ನನ್ನ ಒಂದು ಮಾತನ್ನೂ ಸುಮ್ಮನೆ ಒಪ್ಪದ ನೀನು, ಅಂದು ಎಲ್ಲರ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, “ಹೌದಪ್ಪ, ನೀನು ಹೇಳಿದ್ಮೇಲೆ ಸರಿ” ಎಂದುಬಿಟ್ಟೆ. ಯಾಕೋ ಹಾಗಂದೆ? ಎಂದಿನ ಹಾಗೆ ನನ್ನನ್ನು ಬೈದುಬಿಡಬಾರದಿತ್ತೇನೋ?