ಬದುಕಿದ್ದ ತಮ್ಮನ ವಿರುದ್ಧ ಸರ್ಕಾರ

ಕಡಲಕಟ್ಟೆ ನಗರ, ಫೆಬ್ರವರಿ ೩೦, ೨೨೧೪

ಇನ್ನೂರು ವರ್ಷ ಹಿಂದಿನ ಹಿರಿಯರೇ,

ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಈ ತಾರೀಖಿನಂತೆ ನನ್ನ ಕೆಲವು ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ. ನನ್ನ ಸೋದರತ್ತೆ ಕುಮುದಾಕ್ಷಿ ಈ ನಗರದ ಹಿರಿಯ ಸರ್ಕಾರಿ ವಕೀಲೆಯಾದದ್ದು ಹೇಗೆಂದು ನಿಮಗೆ ತಿಳಿಸಬೇಕಾಗಿದೆ.

ಕಡಲನ್ನು ತಡೆಯುವ ದೊಡ್ಡ ಗೋಡೆಯೊಳಗೆ ನಮ್ಮ ವಾಸ. ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಹೆಬ್ಬಾಗಿಲ ಕಲ್ಲಿನ ಮೇಲೆ ಅಂಗೈ ಒತ್ತಬೇಕು. ಅದಕ್ಕೆ 'ಇರವು ಒತ್ತುವುದು' ಎನ್ನುತ್ತೇವೆ. ಒತ್ತದವರು ಕಾನೂನಿನ ಪ್ರಕಾರ ಸತ್ತವರು. ಅವರಿಗೆ ಕುಡಿಯುವ ನೀರಿನ ಪಾಲಿಲ್ಲ, ಆಸ್ಪತ್ರೆಯಿಲ್ಲ. ನನ್ನಪ್ಪ ದೇಜಪ್ಪ ಗೋಡೆಯ ಹೊರಮೈ ರಿಪೇರಿ ಮಾಡುತ್ತಿದ್ದ. ಬಿರುಗಾಳಿಗೆ ದೋಣಿ ಒಡೆದು, ಕಾಲು ಮುರಿದುಕೊಂಡು, ಬಂಡೆಯೊಂದರ ಮೇಲೆ ಸಿಕ್ಕಿಬಿದ್ದ. ತೆವಳಿಕೊಂಡು ಮರಳುವಷ್ಟರಲ್ಲಿ ಇರವಿನ ಗಡುವು ಮುಗಿದಿತ್ತು. ತಾನು ಬದುಕಿದ್ದೇನೆಂದು ಸಾಬೀತು ಮಾಡಲು ಅವನು ಕೋರ್ಟಿಗೆ ಹೋದ.

ಸರ್ಕಾರದ ಪರ ನಿಂತವರು ಅತ್ತೆ. ತಾಯಿಯಿಲ್ಲದ ಅಪ್ಪನನ್ನು ಎತ್ತಿ ಬೆಳೆಸಿದ ಅಕ್ಕ. ಕೇಸು ಬೇಡವೆನ್ನಬಹುದಿತ್ತು, ಆದರೆ ಆ ವರ್ಷ ಹಿರಿಯ ವಕೀಲರ ಹುದ್ದೆ ಖಾಲಿಯಿತ್ತು.

"ಇವರು ನಿಮಗೆ ಸಂಬಂಧವೇ?" ಎಂದು ನ್ಯಾಯಾಧೀಶರು ಕೇಳಿದರು.

"ತಮ್ಮನೊಬ್ಬನಿದ್ದ, ಸ್ವಾಮಿ. ತೀರಿಕೊಂಡ."

"ಅಕ್ಕಾ, ಇಲ್ಲೇ ನಿಂತಿದ್ದೇನಲ್ಲ ಮಾರಾಯ್ತಿ!" ಅಪ್ಪ ಕೂಗಿದ.

ಅತ್ತೆ ಅತ್ತ ತಿರುಗಲಿಲ್ಲ. ಸತ್ತವರ ಕೂಗು ದಾಖಲಾಗಬಾರದೆಂದು ವಿನಂತಿಸಿದರು. ನ್ಯಾಯಾಧೀಶರು ಒಪ್ಪಿದರು.

ಅಪ್ಪ ಸತ್ತವನೆಂದೇ ತೀರ್ಪಾಯಿತು. ಅತ್ತೆಗೆ ಹುದ್ದೆ ಸಿಕ್ಕಿತು. ಪದಗ್ರಹಣದ ಸಮಾರಂಭದಲ್ಲಿ ಅತ್ತೆ ನನ್ನಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಬಗ್ಗಿ ಹೇಳಿದರು: "ವಾರಿಜಾ, ಬೊಟ್ಟು ಒರೆಸಿಕೋ. ಯಾರಾದರೂ ನೋಡಿದ್ರೆ ನನ್ನ ಕೇಸು ಹಾಳು." ಅಮ್ಮ ಸೆರಗಿನಿಂದ ಒರೆಸಿಕೊಂಡಳು. ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತು ನಮಗಾಗಿ ಕಾಯುತ್ತಿದ್ದ.

ಕಾಲಿನ ಗಾಯ ಕೊಳೆಯಿತು. ಯಾವ ವೈದ್ಯರೂ ಮುಟ್ಟಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅಪ್ಪ ನಿಜವಾಗಿ ಸತ್ತ. ಸುಡಲು ಅನುಮತಿ ಕೊಡಿಸಿರೆಂದು ಅತ್ತೆಯ ಮನೆಗೆ ಹೋದೆ.

"ಒಬ್ಬನನ್ನು ಎರಡು ಸಲ ಸತ್ತ ಅಂತ ಬರೆಯೋದಕ್ಕೆ ಕಾನೂನಿಲ್ಲ ಮಗಾ," ಎಂದು ಅತ್ತೆ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಅಮ್ಮನೂ ನಾನೂ ಅಪ್ಪನನ್ನು ಗೋಡೆಯ ಮೇಲಿಂದ ಕಡಲಿಗೆ ತಳ್ಳಿದೆವು. ಅತ್ತೆ ಸನ್ಮಾನಗಳ ನಡುವೆ ನಿವೃತ್ತರಾದರು. ಆ ತೀರ್ಪನ್ನು ಈಗ ಕಾನೂನು ಕಾಲೇಜಿನಲ್ಲಿ ಪಾಠ ಮಾಡುತ್ತಾರೆ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕಾಲದ ಯಾವುದಾದರೂ ರೇಷನ್ ಸಾಲಿನಲ್ಲಿ, ಬೆರಳಚ್ಚು ಹೊಂದಲಿಲ್ಲವೆಂದು ಮುದುಕಿಯೊಬ್ಬಳನ್ನು ಬರಿಗೈಯಲ್ಲಿ ವಾಪಸು ಕಳಿಸಿದರೆ, ಅವಳ ಹಿಂದೆ ನಿಂತ ನೀವು ಸುಮ್ಮನೆ ಒಂದು ಹೆಜ್ಜೆ ಮುಂದೆ ಸರಿಯಬೇಡಿ.

ನಿಮ್ಮ ಮೊಮ್ಮಕ್ಕಳ ಮೊಮ್ಮಗಳು,
ಶಾಂಭವಿ